ದಾನದ ಮನೆಯಲ್ಲಿ ವ್ಯಾಪಾರದ ಲೆಕ್ಕ: ಒಂದು ವಿವೇಚನೆ

ಶ್ರಾವಕನಿಗೆ ವಿಹಿತವಾದ ಷಟ್ಕರ್ಮಗಳಲ್ಲಿ ದಾನವೂ ಒಂದು. ದೇವಪೂಜೆ, ಗುರೂಪಾಸ್ತಿ, ಸ್ವಾಧ್ಯಾಯ, ಸಂಯಮ, ತಪಸ್ಸುಗಳ ಸಾಲಿನಲ್ಲಿ ಅದು ಕೊನೆಯದಾಗಿ ಎಣಿಸಲ್ಪಟ್ಟಿದ್ದರೂ ಗೃಹಸ್ಥನ ಕೈಗೆ ಅತ್ಯಂತ ಸಮೀಪವಾದುದು ಅದೇ. ಇದೇ ಶ್ರಾವಕನಿಗೆ ಜೀವನೋಪಾಯವಾಗಿ ಬಹುಕಾಲದಿಂದ ಒದಗಿಬಂದಿರುವುದು ವಾಣಿಜ್ಯ. ಅಂಗಡಿಯಲ್ಲಿ ಕುಳಿತು ಒಂದು ಕಾಸೂ ವ್ಯರ್ಥವಾಗದಂತೆ ಲೆಕ್ಕವಿಡುವ ಕೈಯೇ ಬಸದಿಯ ಮುಂದೆ ಫಲಾಪೇಕ್ಷೆಯಿಲ್ಲದೆ ನೀಡಬೇಕು ಎಂಬುದು ನಮ್ಮ ಹಿರಿಯರ ತಿಳಿವಳಿಕೆ. ಗಳಿಸುವ ರೀತಿ ಬೇರೆ, ಕೊಡುವ ರೀತಿ ಬೇರೆ ಎಂದು ಅವರು ಭಾವಿಸಿದ್ದರು.

ಈಚಿನ ದಶಕಗಳಲ್ಲಿ ಈ ಎರಡರ ನಡುವಿನ ಗೆರೆ ಮಸುಕಾಗುತ್ತಿದೆ. ಸೇವಾಸಂಸ್ಥೆಯು ದಾನಿಗಳ ಬಾಗಿಲಲ್ಲಿ ನಿಲ್ಲುವ ಬದಲು ವ್ಯಾಪಾರದ ವಿಧಾನಗಳನ್ನು ಕಲಿತು ತನ್ನ ವೆಚ್ಚವನ್ನು ತಾನೇ ದುಡಿದುಕೊಳ್ಳಬೇಕು ಎಂಬ ವಾದ ಎಲ್ಲೆಡೆ ಕೇಳಿಬರುತ್ತಿದೆ. ನಮ್ಮ ಬಸದಿಗಳ ಆಡಳಿತ ಮಂಡಳಿಗಳಿಗೂ ಇದು ಹೊರಗಿನ ಮಾತಲ್ಲ. ಪಂಚಕಲ್ಯಾಣ ಮಹೋತ್ಸವದ ಕಾಲದಲ್ಲಿ ಹಣ ಹೊಳೆಯಾಗಿ ಹರಿಯುತ್ತದೆ. ಆದರೆ ವಿದ್ಯಾರ್ಥಿನಿಲಯದ ಅಡಿಗೆಯವರ ಸಂಬಳ ಪ್ರತಿ ತಿಂಗಳೂ ಕೊಡಬೇಕಾದುದು. ಠೇವಣಿಯ ಬಡ್ಡಿ ಬೆಲೆಯೇರಿಕೆಯ ಹಿಂದೆ ಓಡಿ ದಣಿಯುತ್ತದೆ. ಆಗ ಕಲ್ಯಾಣಮಂಟಪ, ಅಂಗಡಿಮಳಿಗೆ, ಶಾಲೆ, ರೋಗಪರೀಕ್ಷಾ ಕೇಂದ್ರ ಮುಂತಾದ ಆದಾಯಮೂಲಗಳ ಕಡೆಗೆ ಮನಸ್ಸು ಹರಿಯುವುದು ಸಹಜ. ಧರ್ಮಸಂಸ್ಥೆಯು ಹೀಗೆ ವ್ಯಾಪಾರಕ್ಕೆ ಇಳಿಯಬಹುದೇ? ಇಳಿದರೆ ಯಾವ ಮರ್ಯಾದೆಯೊಳಗೆ ಇಳಿಯಬೇಕು? ಇದು ಕೇವಲ ಜಮಾಖರ್ಚಿನ ಪ್ರಶ್ನೆಯಲ್ಲ, ಧರ್ಮದ ಪ್ರಶ್ನೆ.

ಪೂರ್ವಾಚಾರ ಮತ್ತು ದಾನದ ಲಕ್ಷಣ

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಹಣವನ್ನು ದುಡಿಸಿ ಅದರ ಉತ್ಪತ್ತಿಯಿಂದ ಧರ್ಮಕಾರ್ಯ ನಡೆಸುವುದು ನಮ್ಮಲ್ಲಿ ಹೊಸದೇನೂ ಅಲ್ಲ. ಶ್ರವಣಬೆಳಗೊಳದಲ್ಲಿ ಗೊಮ್ಮಟಸ್ವಾಮಿಯ ನಿತ್ಯಾಭಿಷೇಕದ ಹಾಲಿಗಾಗಿಯೂ ಪೂಜೆಯ ಹೂವಿಗಾಗಿಯೂ ಭಕ್ತರು ಮೂಲಧನವನ್ನಿರಿಸಿ, ಅದರ ಬಡ್ಡಿಯಿಂದ ಸೇವೆ ನಡೆಯುವಂತೆ ಏರ್ಪಡಿಸಿದ್ದನ್ನು ಅಲ್ಲಿಯ ಶಾಸನಗಳು ದಾಖಲಿಸಿವೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರಲ್ಲಿ ತಲೆಯೆತ್ತಿದಾಗ ಅದರ ಹಿಂದೆ ಇದ್ದುದು ಅಲ್ಲಿಯ ಸೆಟ್ಟಿಗಳ ವ್ಯಾಪಾರದ ಸಂಪತ್ತು. ವಾಣಿಜ್ಯ ಮತ್ತು ದಾನ ಎಂದೂ ಅಪರಿಚಿತರಾಗಿರಲಿಲ್ಲ. ಆದರೆ ಅಲ್ಲಿ ವ್ಯಾಪಾರವನ್ನು ಮಾಡುತ್ತಿದ್ದವನು ಶ್ರಾವಕ. ಲಾಭನಷ್ಟಗಳ ಹೊಣೆಯೂ ಅವನದೇ. ಧರ್ಮಸಂಸ್ಥೆಯು ಪಡೆಯುವ ಸ್ಥಾನದಲ್ಲಿ ಉಳಿದಿತ್ತು. ಇಂದಿನ ಹೊಸತನವೆಂದರೆ ಸಂಸ್ಥೆಯೇ ವರ್ತಕನ ಸ್ಥಾನಕ್ಕೆ ಬರುತ್ತಿರುವುದು.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ದಾನದ ಲಕ್ಷಣವನ್ನು ಹೇಳಿದ್ದಾರೆ. ಅನುಗ್ರಹದ ಉದ್ದೇಶದಿಂದ ತನ್ನದನ್ನು ತ್ಯಜಿಸುವುದೇ ದಾನ ಎಂಬುದು ಅದರ ತಾತ್ಪರ್ಯ. ಆ ಅನುಗ್ರಹ ಪಡೆಯುವವನಿಗೆ ಮಾತ್ರವಲ್ಲ, ಕೊಡುವವನಿಗೂ ಹೌದು ಎಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಪಡೆದವನ ಕೊರತೆ ನೀಗುತ್ತದೆ. ಕೊಟ್ಟವನ ಲೋಭ ಕರಗುತ್ತದೆ. ಕೊಡುವ ವಿಧಿ, ಕೊಡುವ ದ್ರವ್ಯ, ದಾತೃ, ಪಾತ್ರ ಈ ನಾಲ್ಕರ ವಿಶೇಷದಿಂದ ದಾನದ ಫಲದಲ್ಲಿ ತಾರತಮ್ಯ ಉಂಟಾಗುತ್ತದೆ ಎಂದೂ ಆಚಾರ್ಯರು ತಿಳಿಸಿದ್ದಾರೆ. ವ್ಯಾಪಾರದಿಂದ ಸೇವೆ ನಡೆಸುವ ಯಾವುದೇ ಯೋಜನೆಯನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಬೇಕು. ಇದಕ್ಕಾಗಿ ಈಚಿನ ಕಾಲದ ಮೂರು ಉದಾಹರಣೆಗಳನ್ನು ಪರಿಶೀಲಿಸೋಣ.

ಮಧುರೆಯ ಕಣ್ಣಾಸ್ಪತ್ರೆ

ಡಾ. ಜಿ. ವೆಂಕಟಸ್ವಾಮಿಯವರು ಸರ್ಕಾರಿ ವೈದ್ಯಸೇವೆಯಿಂದ ನಿವೃತ್ತರಾದ ಬಳಿಕ, 1976ರಲ್ಲಿ, ಮಧುರೆಯಲ್ಲಿ ಹನ್ನೊಂದು ಹಾಸಿಗೆಗಳ ಅರವಿಂದ ಕಣ್ಣಾಸ್ಪತ್ರೆಯನ್ನು ಆರಂಭಿಸಿದರು. ಸಂಧಿವಾತದಿಂದ ಅವರ ಕೈಬೆರಳುಗಳು ಸೊಟ್ಟಗಾಗಿದ್ದವು. ಆ ಬೆರಳುಗಳಿಂದಲೇ ಅವರು ಶಸ್ತ್ರಚಿಕಿತ್ಸೆಯನ್ನು ಅಭ್ಯಾಸ ಮಾಡಿಕೊಂಡಿದ್ದರು. ಕಣ್ಣಿನ ಪೊರೆಯಿಂದ ಅಂಧರಾದ ಬಡವರಿಗೆ ದೃಷ್ಟಿ ಕೊಡುವುದು ಅವರ ಸಂಕಲ್ಪ. ಅದಕ್ಕೆ ಅವರು ಆರಿಸಿಕೊಂಡ ಮಾರ್ಗ ವ್ಯಾಪಾರಿಯದು. ಒಬ್ಬ ವೈದ್ಯ ಒಂದು ಶಸ್ತ್ರಚಿಕಿತ್ಸೆ ಮುಗಿಸುವಷ್ಟರಲ್ಲಿ ಪಕ್ಕದ ಮೇಜಿನ ಮೇಲೆ ಮುಂದಿನ ರೋಗಿ ಸಿದ್ಧನಾಗಿರುತ್ತಾನೆ. ತರಬೇತಿ ಪಡೆದ ಸಹಾಯಕಿಯರು ಉಳಿದ ಕೆಲಸಗಳನ್ನೆಲ್ಲ ನಿರ್ವಹಿಸುತ್ತಾರೆ. ವೈದ್ಯನ ಒಂದು ನಿಮಿಷವೂ ವ್ಯರ್ಥವಾಗುವುದಿಲ್ಲ. ಹೀಗೆ ಪ್ರತಿ ಚಿಕಿತ್ಸೆಯ ವೆಚ್ಚ ತಗ್ಗಿತು. ಶಕ್ತರಾದವರು ಶುಲ್ಕ ಕೊಡುತ್ತಾರೆ. ಅದರ ಉಳಿತಾಯದಿಂದ ಅಶಕ್ತರಿಗೆ ಉಚಿತವಾಗಿ ಅಥವಾ ಅತ್ಯಲ್ಪ ವೆಚ್ಚದಲ್ಲಿ ಚಿಕಿತ್ಸೆ ದೊರೆಯುತ್ತದೆ. ರೋಗಿಯ ಆದಾಯವನ್ನು ಯಾರೂ ತನಿಖೆ ಮಾಡುವುದಿಲ್ಲ. ಯಾವ ವಿಭಾಗಕ್ಕೆ ಹೋಗಬೇಕೆಂಬುದನ್ನು ಅವನೇ ನಿರ್ಧರಿಸುತ್ತಾನೆ. ಹಣ ಕೊಟ್ಟವನಿಗೆ ಕೊಠಡಿಯ ಅನುಕೂಲ ಹೆಚ್ಚಿರಬಹುದು. ಆದರೆ ವೈದ್ಯರು ಎರಡೂ ಕಡೆ ಸರದಿಯಂತೆ ದುಡಿಯುವವರು. ವಿದೇಶದಿಂದ ಬರುತ್ತಿದ್ದ ಕಣ್ಣಿನೊಳಗಿನ ಮಸೂರ ದುಬಾರಿಯಾದಾಗ, 1992ರಲ್ಲಿ ಅರೋಲ್ಯಾಬ್ ಎಂಬ ಘಟಕವನ್ನು ಸ್ಥಾಪಿಸಿ, ಅದರ ಒಂದು ಚಿಕ್ಕ ಪಾಲಿನ ಬೆಲೆಗೆ ಮಸೂರವನ್ನು ಇಲ್ಲಿಯೇ ತಯಾರಿಸಲಾಯಿತು.

ಇದನ್ನು ನೋಡಿ 'ದಾನ ಬೇಕಿಲ್ಲ, ವ್ಯಾಪಾರ ಸಾಕು' ಎಂದು ತೀರ್ಮಾನಿಸುವವರಿದ್ದಾರೆ. ಅದು ಅವಸರದ ತೀರ್ಮಾನ. ಆಸ್ಪತ್ರೆಯ ಆರಂಭಕ್ಕೆ ಆ ಕುಟುಂಬದವರು ತಮ್ಮ ಮನೆಯನ್ನೂ ಒಡವೆಗಳನ್ನೂ ಅಡವಿಟ್ಟರು. ಸ್ಥಾಪಕರು ತಮ್ಮ ಪಿಂಚಣಿಯಲ್ಲಿಯೇ ಬಾಳಿದರು. ಮಸೂರದ ಘಟಕಕ್ಕೂ ಮೊದಲಿಗೆ ದಾನಿ ಸಂಸ್ಥೆಗಳ ನೆರವು ಒದಗಿತು. ಬೀಜ ತ್ಯಾಗದ್ದು, ಆ ಗಿಡವನ್ನು ವರ್ಷವಿಡೀ ಹಸಿರಾಗಿಟ್ಟ ನೀರು ಮಾತ್ರ ವ್ಯಾಪಾರದ್ದು. ಔಷಧದಾನಕ್ಕೆ ಇಲ್ಲಿ ವ್ಯಾಪಾರವು ಸೇವಕನಾಗಿ ನಿಂತಿದೆ. ಅದು ಒಡೆಯನಾಗಿಲ್ಲ ಎಂಬುದೇ ಇದರ ವಿಶೇಷ.

'ಡೊನೇಷನ್' ಎಂಬ ಮಾತು

ಎರಡನೆಯ ಉದಾಹರಣೆಗೆ ನಾವು ದೂರ ಹೋಗಬೇಕಾಗಿಲ್ಲ. ದಾನ ಎಂಬುದಕ್ಕೆ ಇಂಗ್ಲಿಷಿನಲ್ಲಿ 'ಡೊನೇಷನ್' ಎನ್ನುತ್ತಾರೆ. ಕರ್ನಾಟಕದಲ್ಲಿ ಆ ಶಬ್ದಕ್ಕೆ ಏನು ಅರ್ಥ ಬಂದಿದೆಯೆಂಬುದು ಮಕ್ಕಳನ್ನು ಕಾಲೇಜಿಗೆ ಸೇರಿಸಿದ ಪ್ರತಿಯೊಬ್ಬ ತಂದೆತಾಯಿಗೂ ತಿಳಿದಿದೆ. ವಿದ್ಯಾಸಂಸ್ಥೆಗಳು ದತ್ತಿಗಳ ಹೆಸರಿನಲ್ಲಿ ಸ್ಥಾಪಿತವಾಗಿ, ಸೀಟಿಗೆ ಬೆಲೆ ಕಟ್ಟಿ, ಆ ಬೆಲೆಯನ್ನು ದಾನವೆಂದು ಕರೆದವು. ಇದನ್ನು ತಡೆಯಲು ರಾಜ್ಯವು 1984ರಲ್ಲಿ ಕಾಯ್ದೆ ಮಾಡಬೇಕಾಯಿತು. 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿ, ಕರ್ನಾಟಕದ ವೈದ್ಯಕೀಯ ಶಿಕ್ಷಣಕ್ಕೆ ಸಂಬಂಧಿಸಿದಂತೆಯೇ, ಸರ್ವೋಚ್ಚ ನ್ಯಾಯಾಲಯವು ಕ್ಯಾಪಿಟೇಷನ್ ಶುಲ್ಕವು ಸಂವಿಧಾನಬಾಹಿರವೆಂದು ಸಾರಿತು. ಮುಂದೆ 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹೆಚ್ಚು ಸಮತೋಲದ ಮಾತು ಬಂದಿತು. ಸಂಸ್ಥೆಯ ಬೆಳವಣಿಗೆಗಾಗಿ ಯುಕ್ತವಾದ ಉಳಿತಾಯ ಮಾಡಿಕೊಳ್ಳಬಹುದು, ಆದರೆ ಲಾಭಕೋರತನ ಸಲ್ಲದು ಎಂಬುದೇ ಆ ತೀರ್ಪಿನ ಸಾರ.

ಮಧುರೆಯಲ್ಲಿ ವ್ಯಾಪಾರದ ವೇಷದಲ್ಲಿದ್ದುದು ದಾನ. ಇಲ್ಲಿ ದಾನದ ವೇಷದಲ್ಲಿದ್ದುದು ವ್ಯಾಪಾರ. ಎರಡೂ ಕಡೆ ಶುಲ್ಕವಿದೆ, ರಸೀತಿಯಿದೆ, ಉಳಿತಾಯವಿದೆ. ಹೊರಗಿನಿಂದ ನೋಡಿದವನಿಗೆ ವ್ಯತ್ಯಾಸ ಕಾಣದು. ಆದ್ದರಿಂದ ಸಂಸ್ಥೆಯ ಹೆಸರಿನ ಹಿಂದೆ 'ಧರ್ಮಾರ್ಥ' ಎಂಬ ಪದವಿದೆಯೇ ಎಂಬುದರಿಂದಾಗಲಿ, ಅಲ್ಲಿ ಹಣ ಕೈ ಬದಲಾಗುತ್ತದೆಯೇ ಎಂಬುದರಿಂದಾಗಲಿ ನಿರ್ಣಯಿಸಲಾಗದು. ಸತ್ಯಾಣುವ್ರತವನ್ನು ಕೈಗೊಂಡವನಿಗೆ ಮಾತ್ರ ಒಂದು ಕನಿಷ್ಠ ಕರ್ತವ್ಯವಿದೆ: ಬೆಲೆಯನ್ನು ಬೆಲೆಯೆಂದೂ ದಾನವನ್ನು ದಾನವೆಂದೂ ಕರೆಯುವುದು.

ನಷ್ಟದ ದಿನದ ಪರೀಕ್ಷೆ

ಮೂರನೆಯ ಉದಾಹರಣೆ ಕಿರುಸಾಲದ್ದು. ಎಸ್‌.ಕೆ.ಎಸ್‌. ಎಂಬ ಸಂಸ್ಥೆಯು ಆಂಧ್ರ ಪ್ರದೇಶದ ಬಡ ಮಹಿಳೆಯರಿಗೆ ಸಣ್ಣ ಸಾಲ ಕೊಡಲು 1990ರ ದಶಕದ ಕೊನೆಯಲ್ಲಿ ಲಾಭರಹಿತ ಸಂಸ್ಥೆಯಾಗಿ ಹುಟ್ಟಿತು. ದಾನದ ಹಣ ಸಾಲದೆಂದೂ ಇನ್ನೂ ಹೆಚ್ಚು ಬಡವರನ್ನು ತಲುಪಲು ದೊಡ್ಡ ಬಂಡವಾಳ ಬೇಕೆಂದೂ 2005ರಲ್ಲಿ ಅದು ಲಾಭದ ಕಂಪನಿಯಾಗಿ ಮಾರ್ಪಟ್ಟಿತು. 2010ರಲ್ಲಿ ಸಾರ್ವಜನಿಕರಿಗೆ ಷೇರು ಮಾರಿತು. ಅದೇ ವರ್ಷ ಆ ರಾಜ್ಯದಲ್ಲಿ ಸಾಲಗಾರರ ಆತ್ಮಹತ್ಯೆಗಳ ಸುದ್ದಿ ಹಬ್ಬಿತು. ಕಿರುಸಾಲ ಕಂಪನಿಗಳ ವಸೂಲಿಯ ಒತ್ತಡದ ವಿರುದ್ಧ ಕೂಗೆದ್ದಿತು. ಅಕ್ಟೋಬರಿನಲ್ಲಿ ಸರ್ಕಾರವು ಸುಗ್ರೀವಾಜ್ಞೆಯ ಮೂಲಕ ಅವುಗಳನ್ನು ಕಟ್ಟಿಹಾಕಿತು. ನಮ್ಮ ರಾಜ್ಯದಲ್ಲಿಯೂ 2025ರಲ್ಲಿ ಬಲವಂತದ ಸಾಲವಸೂಲಿಯ ವಿರುದ್ಧ ಕಾಯ್ದೆ ತರಬೇಕಾಯಿತು.

ಆ ಕಂಪನಿಯನ್ನು ಸ್ಥಾಪಿಸಿದವರ ಮೊದಲ ಉದ್ದೇಶವನ್ನು ಸಂಶಯಿಸಬೇಕಾಗಿಲ್ಲ. ಹೆಚ್ಚು ಜನರಿಗೆ ಒಳಿತಾಗಲಿ ಎಂಬ ಮಾತೇ ಅವರನ್ನು ಆ ದಾರಿಗೆ ತಂದಿತು. ಆದರೆ ಲಾಭವನ್ನು ನಿರೀಕ್ಷಿಸುವ ಪಾಲುದಾರನೊಬ್ಬನನ್ನು ಮನೆಯೊಳಗೆ ಕರೆತಂದ ಮೇಲೆ, ಪ್ರತಿ ತ್ರೈಮಾಸಿಕದಲ್ಲಿಯೂ ಅವನಿಗೆ ಉತ್ತರ ಹೇಳಬೇಕಾಗುತ್ತದೆ. ಬಡವನು ವರ್ಷಕ್ಕೊಮ್ಮೆಯೂ ಪ್ರಶ್ನಿಸಲಾರನು. ಪ್ರಶ್ನಿಸುವವನ ಕಡೆಗೆ ಸಂಸ್ಥೆ ವಾಲುವುದು ಅದರ ನಡೆಯ ಸ್ವಭಾವ.

ಇದರಿಂದ ಒಂದು ಸರಳವಾದ ಪರೀಕ್ಷೆ ನಮಗೆ ದೊರೆಯುತ್ತದೆ. ಲಾಭದ ದಿನಗಳಲ್ಲಿ ಎಲ್ಲ ಸಂಸ್ಥೆಗಳೂ ಧರ್ಮಿಷ್ಠವಾಗಿಯೇ ಕಾಣುತ್ತವೆ. ನಷ್ಟದ ದಿನ ಯಾರ ಪಾಲು ಮೊದಲು ಕಡಿತವಾಗುತ್ತದೆ ಎಂದು ನೋಡಬೇಕು. ಬಂಡವಾಳದ ಪ್ರತಿಫಲವೇ, ವ್ಯವಸ್ಥಾಪಕರ ಸೌಕರ್ಯವೇ, ಹೊಸ ಕಟ್ಟಡದ ಆಸೆಯೇ, ಅಥವಾ ಯಾರಿಗಾಗಿ ಸಂಸ್ಥೆ ಹುಟ್ಟಿತೋ ಆ ಬಡವನ ಊಟ, ಔಷಧ, ಸೀಟುಗಳೇ? ಬಡವನ ಪಾಲು ಕೊನೆಗೆ ಕಡಿತವಾಗುವುದಾದರೆ ಅಲ್ಲಿ ನಡೆಯುತ್ತಿರುವ ವ್ಯಾಪಾರವು ದಾನದ ಅಂಗ. ಅದು ಮೊದಲಿಗೆ ಕಡಿತವಾಗುವುದಾದರೆ, ಅಲ್ಲಿಯ ದಾನವು ವ್ಯಾಪಾರದ ಅಲಂಕಾರ. ವಿಶ್ವಸ್ತರು ಇದಕ್ಕೆ ಉತ್ತರವನ್ನು ನಷ್ಟ ಬರುವ ಮೊದಲೇ ಲಿಖಿತವಾಗಿ ನಿರ್ಣಯಿಸಿರಬೇಕು. ಸಂಕಟ ಬಂದ ಮೇಲೆ ಮನಸ್ಸು ತನಗೆ ಅನುಕೂಲವಾದ ಯುಕ್ತಿಗಳನ್ನೇ ಹುಡುಕುತ್ತದೆ.

ಬೆಲೆ ಕೊಡಲಾರದ ಜೀವಿ

ಇನ್ನೊಂದು ಕಠಿಣ ವಿಚಾರವಿದೆ. ಶುಲ್ಕದ ಉಳಿತಾಯದಿಂದ ಸೇವೆ ನಡೆಯಬೇಕಾದರೆ, ಶುಲ್ಕ ಕೊಡಬಲ್ಲವನೊಬ್ಬನಾದರೂ ಅದೇ ಸೇವೆಯನ್ನು ಬಯಸಬೇಕು. ಕಣ್ಣಿನ ಪೊರೆ ಬಡವನಿಗೂ ಬರುತ್ತದೆ, ಶ್ರೀಮಂತನಿಗೂ ಬರುತ್ತದೆ. ಆದ್ದರಿಂದ ಮಧುರೆಯ ಲೆಕ್ಕ ಸರಿಹೋಯಿತು. ಹಾಗೆ ಕೂಡಿಬಾರದ ಸೇವೆಗಳೂ ಇವೆ. ನಮ್ಮ ಪಾಂಜರಪೋಳಗಳನ್ನೇ ತೆಗೆದುಕೊಳ್ಳೋಣ. ಮುದಿಯಾದ, ಕುಂಟಾದ, ಹಾಲು ಬತ್ತಿದ ಪ್ರಾಣಿಗಳಿಗೆ ಆಶ್ರಯ ಕೊಡುವುದು ಅವುಗಳ ಉದ್ದೇಶ, ಅದು ಅಭಯದಾನ. ಗೊಬ್ಬರವನ್ನು ಮಾರಿಯೋ ಅನಿಲ ಉತ್ಪಾದಿಸಿಯೋ ಸ್ವಲ್ಪ ವೆಚ್ಚವನ್ನು ತುಂಬಿಕೊಂಡರೆ ತಪ್ಪಿಲ್ಲ. ಆದರೆ ಹಾಲಿನ ಮಾರಾಟವೇ ಮುಖ್ಯ ಆದಾಯವಾದಾಗ ಏನಾಗುತ್ತದೆ? ಕರೆಯುವ ಹಸು ಮಾನ್ಯವಾಗುತ್ತದೆ. ಕರೆಯದ ಹಸು ಹೊರೆಯಾಗುತ್ತದೆ. ಒಳ್ಳೆಯ ಮೇವು ಮೊದಲನೆಯದಕ್ಕೆ, ಉಳಿದುದು ಎರಡನೆಯದಕ್ಕೆ. ಕರೆಯುವ ಹಸು ಬೇಕೆಂದರೆ ಕರು ಹುಟ್ಟಬೇಕು. ಹುಟ್ಟಿದ ಗಂಡುಕರುವಿನ ಗತಿಯೇನೆಂಬ ಪ್ರಶ್ನೆಯೂ ಬರುತ್ತದೆ. ಯಾರೂ ದುರುದ್ದೇಶದಿಂದ ಹೀಗೆ ಮಾಡುವುದಿಲ್ಲ. ಜಮಾಖರ್ಚಿನ ಪುಸ್ತಕವೇ ನಿಧಾನವಾಗಿ ಕರುಣೆಯ ದಿಕ್ಕನ್ನು ತಿರುಗಿಸುತ್ತದೆ. ಕೊನೆಗೆ ಪಾಂಜರಪೋಳವು ಡೈರಿಯಾಗಿ, ಯಾರಿಗಾಗಿ ಅದನ್ನು ಕಟ್ಟಲಾಯಿತೋ ಆ ಜೀವಿಗೇ ಅಲ್ಲಿ ಎಡೆಯಿಲ್ಲದಂತಾಗುತ್ತದೆ.

ಮನುಷ್ಯರಲ್ಲಿಯೂ ಹೀಗೆಯೇ. ಮರಣಶಯ್ಯೆಯಲ್ಲಿರುವ ಅನಾಥ, ಬುದ್ಧಿಮಾಂದ್ಯದ ಮಗು, ಕಾಲು ಕಳೆದುಕೊಂಡ ಕೂಲಿ ಇವರೆಲ್ಲ ಯಾವ ಮಾರುಕಟ್ಟೆಗೂ ಗಿರಾಕಿಗಳಲ್ಲ. ಭಗವಾನ್ ಮಹಾವೀರರ 2500ನೆಯ ನಿರ್ವಾಣ ಮಹೋತ್ಸವದ ಸಂದರ್ಭದಲ್ಲಿ, 1975ರಲ್ಲಿ, ಜಯಪುರದಲ್ಲಿ ಆರಂಭವಾದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಯು ಲಕ್ಷಾಂತರ ಜನರಿಗೆ ಜಯಪುರದ ಕೃತಕ ಕಾಲುಗಳನ್ನೂ ಇತರ ಸಾಧನಗಳನ್ನೂ ಉಚಿತವಾಗಿಯೇ ಒದಗಿಸಿದೆ. ಕಡಿಮೆ ವೆಚ್ಚದ ತಯಾರಿಕೆಯಲ್ಲಿ ಅದು ಯಾವ ವರ್ತಕನಿಗೂ ಕಡಿಮೆಯಿಲ್ಲದ ಜಾಣ್ಮೆಯನ್ನು ತೋರಿತು. ಆದರೆ ಬಂದವನ ಕೈಗೆ ಬಿಲ್ಲನ್ನು ಕೊಡಲಿಲ್ಲ. ವ್ಯಾಪಾರದ ಮಿತವ್ಯಯವನ್ನೂ ದಕ್ಷತೆಯನ್ನೂ ಕಲಿಯುವುದು ಒಂದು, ವ್ಯಾಪಾರದ ಬೆಲೆಯನ್ನು ಹೇರುವುದು ಮತ್ತೊಂದು. ಮೊದಲನೆಯದು ಎಲ್ಲ ಸೇವಾಸಂಸ್ಥೆಗಳಿಗೂ ಬೇಕು. ಎರಡನೆಯದು ಪಾತ್ರವನ್ನು ನೋಡಿ ನಿರ್ಧರಿಸಬೇಕಾದುದು.

ದಾನವನ್ನು ಬೇಡದ ಬಡತನವೂ ಉಂಟು. 1959ರ ಮಾರ್ಚಿನಲ್ಲಿ ಮುಂಬಯಿಯ ಗಿರಗಾಂವಿನಲ್ಲಿ ಏಳು ಮಂದಿ ಗೃಹಿಣಿಯರು ಎಂಬತ್ತು ರೂಪಾಯಿ ಸಾಲ ಪಡೆದು ಹಪ್ಪಳ ಮಾಡಲು ಕುಳಿತರು. ಅದೇ ಲಿಜ್ಜತ್ ಸಂಸ್ಥೆಯಾಗಿ ಬೆಳೆಯಿತು. ದಾನವನ್ನು ಸ್ವೀಕರಿಸುವುದಿಲ್ಲ ಎಂಬುದು ಅವರ ನಿಯಮ. ಅಲ್ಲಿ ದುಡಿಯುವ ಸೋದರಿಯರೇ ಸಂಸ್ಥೆಯ ಒಡತಿಯರು. ದುಡಿಯಬಲ್ಲವಳಿಗೆ ಕೊಡಬೇಕಾದ ಗೌರವ ಕೆಲಸವೇ ಹೊರತು ಭಿಕ್ಷೆಯಲ್ಲ ಎಂಬುದನ್ನು ಅವರು ಮನಗಾಣಿಸಿದರು. ಅವರ ಹಪ್ಪಳವನ್ನು ಜನ ಕೊಂಡದ್ದು ಕನಿಕರದಿಂದಲ್ಲ, ಅದು ಚೆನ್ನಾಗಿದ್ದುದರಿಂದ. ಕಲಬೆರಕೆಯ ಮಾಲನ್ನು ಒಳ್ಳೆಯದೆಂದು ಮಾರುವುದು, ತೂಕದಲ್ಲಿ ಮೋಸ ಮಾಡುವುದು ಅಚೌರ್ಯಾಣುವ್ರತದ ಅತಿಚಾರಗಳು. ಬಡವರ ಹೆಸರು ಹೇಳಿ ಕಳಪೆ ವಸ್ತುವನ್ನು ಮಾರುವವರಿಗೂ ಆ ದೋಷ ತಪ್ಪದು.

ಆಡಳಿತ ಮಂಡಳಿಗಳು ಗಮನಿಸಬೇಕಾದುದು

ಧರ್ಮಸಂಸ್ಥೆಯು ವ್ಯಾಪಾರಕ್ಕೆ ಇಳಿಯುವುದೇ ಆದರೆ, ಅದು ಎಂಥ ವ್ಯಾಪಾರ ಎಂಬುದು ಮೊದಲ ಪ್ರಶ್ನೆ. ಉದ್ಯೋಗದಲ್ಲಿ ಅನಿವಾರ್ಯವಾದ ಉದ್ಯೋಗಿ ಹಿಂಸೆಯು ಗೃಹಸ್ಥನಿಗೆ ಸಂಪೂರ್ಣವಾಗಿ ತಪ್ಪದು. ಆದರೂ ಕಾಡು ಕಡಿಯುವುದು, ವಿಷದ ವ್ಯಾಪಾರ, ದಂತದ ವ್ಯಾಪಾರ, ಕೆರೆ ಬತ್ತಿಸುವುದು ಮುಂತಾದ ಹದಿನೈದು ಕರ್ಮಾದಾನಗಳನ್ನು ನಮ್ಮ ಶಾಸ್ತ್ರಕಾರರು ಶ್ರಾವಕನಿಗೆ ನಿಷೇಧಿಸಿದ್ದಾರೆ. ಒಬ್ಬ ಶ್ರಾವಕನಿಗೆ ಸಲ್ಲದುದು ಬಸದಿಯ ಹೆಸರಿನಲ್ಲಿ ಸಂದೀತೇ? ಮಳಿಗೆಯನ್ನು ಬಾಡಿಗೆಗೆ ಕೊಡುವಾಗ ಬಾಡಿಗೆಯ ಮೊತ್ತದೊಡನೆ ಅಲ್ಲಿ ನಡೆಯುವ ವ್ಯವಹಾರವನ್ನೂ ನೋಡಬೇಕು. ಹಣವನ್ನು ತೊಡಗಿಸುವಾಗಲೂ ಈ ವಿವೇಕ ಬೇಕು. ಹೆಚ್ಚಿನ ಉತ್ಪತ್ತಿ ಅಭಿಷೇಕಕ್ಕೇ ಹೋಗುತ್ತದೆಯೆಂಬ ಸಮಾಧಾನವು ಹಿಂಸೆಯ ಮೂಲವನ್ನು ಶುದ್ಧಮಾಡದು.

ದೇವದ್ರವ್ಯವನ್ನು ವ್ಯಾಪಾರದ ಅಪಾಯಕ್ಕೆ ಒಡ್ಡಬಾರದೆಂಬುದು ಎರಡನೆಯ ವಿಚಾರ. ಭಕ್ತನು ಜಿನಪೂಜೆಗೆಂದು ಕೊಟ್ಟುದನ್ನು ಉದ್ಯಮದ ಬಂಡವಾಳವಾಗಿ ಮಾಡುವ ಅಧಿಕಾರ ವಿಶ್ವಸ್ತರಿಗಿಲ್ಲ. ಉದ್ಯಮ ನಡೆಸುವ ಇಚ್ಛೆಯಿದ್ದರೆ, ಉದ್ದೇಶವನ್ನು ಮೊದಲೇ ತಿಳಿಸಿ ಬೇರೆ ನಿಧಿಯನ್ನು ಕೂಡಿಸಬೇಕು. ಲೆಕ್ಕವನ್ನೂ ಬೇರೆಯಾಗಿಯೇ ಇಡಬೇಕು. ದೇಶದ ತೆರಿಗೆ ಕಾನೂನಿನ ಭಾವವೂ ಇದಕ್ಕೆ ವಿರುದ್ಧವಾಗಿಲ್ಲ. ಸಾಮಾನ್ಯ ಲೋಕೋಪಯೋಗದ ಹೆಸರಿನಲ್ಲಿ ನಡೆಯುವ ಸಂಸ್ಥೆಗಳ ಬಗ್ಗೆ 2022ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ವೆಚ್ಚಕ್ಕೆ ಸಮನಾದ ಅಥವಾ ಅದಕ್ಕಿಂತ ನಾಮಮಾತ್ರ ಹೆಚ್ಚಾದ ಶುಲ್ಕವನ್ನು ವ್ಯಾಪಾರವೆಂದು ಭಾವಿಸಬೇಕಿಲ್ಲ, ಗಣನೀಯವಾಗಿ ಹೆಚ್ಚಾದರೆ ವ್ಯಾಪಾರವೇ ಆಗುತ್ತದೆ ಎಂದು ವಿವರಿಸಿತು. ಲೆಕ್ಕಪರಿಶೋಧಕರ ಸಲಹೆಯಿಲ್ಲದೆ ಯಾವ ಮಂಡಳಿಯೂ ಈ ದಾರಿಯಲ್ಲಿ ಹೆಜ್ಜೆಯಿಡುವುದು ವಿವೇಕವಲ್ಲ.

ಮೂರನೆಯದು, ಸಂಸ್ಥೆಗೂ ಪರಿಗ್ರಹವುಂಟು ಎಂಬುದರ ಅರಿವು. ಭಗವಾನ್ ಮಹಾವೀರರ ಉಪಾಸಕನಾದ ಆನಂದನು ತನ್ನ ನಿಧಿ ಇಷ್ಟು, ವ್ಯಾಪಾರ ಇಷ್ಟು, ಗೃಹಸಂಪತ್ತು ಇಷ್ಟು ಎಂದು ಎಣಿಸಿ, ಅದನ್ನು ಮೀರುವುದಿಲ್ಲವೆಂದು ವ್ರತ ತೊಟ್ಟ ಪ್ರಸಂಗ ಉಪಾಸಕದಶಾಂಗದಲ್ಲಿದೆ. ಪರಿಗ್ರಹ ಪರಿಮಾಣವನ್ನು ವ್ಯಕ್ತಿಗೆ ಬೋಧಿಸುವ ನಾವು ನಮ್ಮ ಟ್ರಸ್ಟುಗಳಿಗೆ ಅದನ್ನು ವಿಧಿಸುವುದಿಲ್ಲ. ಇಷ್ಟು ವರ್ಷಗಳ ವೆಚ್ಚಕ್ಕೆ ಸಾಲುವಷ್ಟು ನಿಧಿ ಸಾಕು, ಅದಕ್ಕೆ ಮೀರಿದುದು ಆಯಾ ವರ್ಷವೇ ಅನ್ನಕ್ಕೋ ಔಷಧಕ್ಕೋ ವಿದ್ಯೆಗೋ ಸಲ್ಲಬೇಕು ಎಂದು ಒಂದು ಆಡಳಿತ ಮಂಡಳಿ ನಿರ್ಣಯಿಸಿದರೆ, ಅದು ಸಂಸ್ಥೆಯ ಅಣುವ್ರತವೇ ಸರಿ.

ಕೊಡುವವನ ಪ್ರಶ್ನೆ

ಇಷ್ಟೆಲ್ಲ ಎಚ್ಚರಿಕೆಯಿಂದ ಒಂದು ಸಂಸ್ಥೆಯು ಸಂಪೂರ್ಣವಾಗಿ ಸ್ವಾವಲಂಬಿಯಾಯಿತೆಂದು ಭಾವಿಸೋಣ. ಆಗ ಅದಕ್ಕೆ ನಮ್ಮ ದಾನದ ಅವಶ್ಯಕತೆಯಿಲ್ಲ. ಪಡೆಯುವವನ ಪ್ರಶ್ನೆ ಪರಿಹಾರವಾಯಿತು. ಆದರೆ ಕೊಡುವವನ ಪ್ರಶ್ನೆ? ಅವನ ಲೋಭವನ್ನು ಕರಗಿಸುವ ಕೆಲಸವನ್ನು ಯಾವ ಉದ್ಯಮವೂ ಅವನ ಪರವಾಗಿ ಮಾಡಿಕೊಡಲಾರದು. ಉಮಾಸ್ವಾಮಿಗಳ ಲಕ್ಷಣದ ಅರ್ಧಭಾಗ ಹಾಗೆಯೇ ಉಳಿಯುತ್ತದೆ. ವ್ಯವಹಾರನಯದಿಂದ ನೋಡಿದರೆ ದಾನವು ಸಂಪತ್ತಿನ ಹಂಚಿಕೆ. ನಿಶ್ಚಯನಯದಿಂದ ಅದು ಆತ್ಮನು ಮಮಕಾರದಿಂದ ಬಿಡಿಸಿಕೊಳ್ಳುವ ಪ್ರಯತ್ನ. ಮೊದಲನೆಯದನ್ನು ವ್ಯಾಪಾರವು ಕೆಲವೊಮ್ಮೆ ದಾನಕ್ಕಿಂತ ಚೆನ್ನಾಗಿಯೇ ಮಾಡಬಲ್ಲದು. ಎರಡನೆಯದು ಅದರ ಕ್ಷೇತ್ರವಲ್ಲ.

ಮಾರುಕಟ್ಟೆಯೂ ಇದನ್ನು ಒಂದು ಬಗೆಯಲ್ಲಿ ಒಪ್ಪಿಕೊಂಡಂತಿದೆ. ಸೇವಾಸಂಸ್ಥೆಗಳು ಹಣ ಸಂಗ್ರಹಿಸಲೆಂದು ನಮ್ಮ ದೇಶದಲ್ಲಿ ಸಾಮಾಜಿಕ ಷೇರುಪೇಟೆಯ ವ್ಯವಸ್ಥೆಯಾಗಿದೆ; 2022ರಲ್ಲಿ ಸೆಬಿ ಅದಕ್ಕೆ ನಿಯಮಗಳನ್ನು ರೂಪಿಸಿತು. 2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಉನ್ನತಿ ಫೌಂಡೇಷನ್ ಅಲ್ಲಿ ಮೊದಲನೆಯದಾಗಿ ಪಟ್ಟಿಯಾಯಿತು. ಅಲ್ಲಿ ಹಣ ಕೊಟ್ಟವನಿಗೆ ದೊರೆಯುವ ಪತ್ರಕ್ಕೆ ಬಡ್ಡಿಯಿಲ್ಲ, ಅಸಲೂ ಮರಳುವುದಿಲ್ಲ. ಕೊಟ್ಟ ಹಣ ಯಾವ ಕಾರ್ಯಕ್ಕೆ ಸಂದಿತು ಎಂಬ ವರದಿ ಮಾತ್ರ ಬರುತ್ತದೆ. ಷೇರುಪೇಟೆಯ ಭಾಷೆಯಲ್ಲಿ ಅದಕ್ಕೆ ಏನೇ ಹೆಸರಿರಲಿ, ಮರಳಿ ಬಾರದಂತೆ ಕೊಡುವುದಕ್ಕೆ ನಮ್ಮ ಭಾಷೆಯಲ್ಲಿ ದಾನವೆಂದೇ ಹೆಸರು. ಲೆಕ್ಕ ಒಪ್ಪಿಸುವ ಶಿಸ್ತನ್ನು ನಾವು ಆ ಪೇಟೆಯಿಂದ ಕಲಿಯಬೇಕು. ನಮ್ಮ ಎಷ್ಟೋ ಟ್ರಸ್ಟುಗಳು ದಾನಿಗೆ ರಸೀತಿ ಕೊಟ್ಟು ಮರೆಯುತ್ತವೆ.

ಆದ್ದರಿಂದ ಸಂಸ್ಥೆಗಳು ದುಡಿಯಲಿ, ಶ್ರಾವಕರು ಕೊಡುವುದನ್ನು ನಿಲ್ಲಿಸದಿರಲಿ. ಪ್ರತಿ ತಿಂಗಳೂ ತಪ್ಪದೆ ನಡೆಯಬೇಕಾದ ಸೇವೆಗೆ ನಿರ್ದೋಷವಾದ ಆದಾಯಮೂಲವಿರಲಿ. ಬೆಲೆ ಕೊಡಲಾರದ ಜೀವಿಯ ಪಾಲಿಗೆ ಮಾತ್ರ ನಮ್ಮ ಕೈಯಿಂದಲೇ, ನಮ್ಮ ಉಳಿತಾಯದಿಂದಲೇ ನೇರವಾಗಿ ಸಲ್ಲಲಿ. ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಆಯವ್ಯಯ ಪತ್ರವನ್ನು ಓದುವಾಗ, ಎಷ್ಟು ಉಳಿಯಿತು ಎಂಬ ಪ್ರಶ್ನೆಯ ಜೊತೆಗೆ, ನಷ್ಟ ಬಂದಿದ್ದರೆ ಯಾರ ಪಾಲನ್ನು ಮೊದಲು ಕಡಿಯುತ್ತಿದ್ದೆವು ಎಂಬ ಪ್ರಶ್ನೆಯನ್ನೂ ಸದಸ್ಯರು ಕೇಳಬೇಕು. ಅದಕ್ಕೆ ಅಧ್ಯಕ್ಷರು ಅಳುಕಿಲ್ಲದೆ ಉತ್ತರಿಸಬಲ್ಲ ಸಂಸ್ಥೆಯ ವ್ಯಾಪಾರಕ್ಕೆ ಧರ್ಮದ ಅನುಮತಿಯುಂಟು.